ಥೋರೋ ಮೇಲಿನ ಆರೋಪ ನ್ಯಾಯವಾದದ್ದಲ್ಲ

ಥೋರೋ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ 19ನೇ ಶತಮಾನದ ಈ ಅಮೆರಿಕನ್ ಲೇಖಕ ಕಾಡಿನಲ್ಲಿ ಒಂಟಿಯಾಗಿದ್ದೆ ಅಂತ ಬರೆದು, ಊರಿಗೆ ಹೋಗಿ ಊಟ ಮಾಡಿ ಬರ್ತಿದ್ದ, ಹಾಗಾಗಿ ಆ ಕಾಡಿನ ವಾಸದ ಬಗ್ಗೆ ಬರೆದ ‘ವಾಲ್ಡನ್’ ಪುಸ್ತಕ ಬರೀ ಸೋಗು ಅನ್ನೋ ಮಾತನ್ನು ಒಪ್ಪೋಕೆ ಆಗಲ್ಲ. ಅವನು ಇದನ್ನು ಮುಚ್ಚಿಟ್ಟೇ ಇಲ್ಲ. ಆಗಾಗ ಹೊರಗೆ ಊಟ ಮಾಡಿದೆ ಅಂತ ಮೊದಲ ಅಧ್ಯಾಯದಲ್ಲೇ ಹೇಳ್ತಾನೆ, ದಿನಕ್ಕೊಮ್ಮೆಯೋ ಎರಡು ದಿನಕ್ಕೊಮ್ಮೆಯೋ ಹತ್ತಿರದ ಕಾಂಕರ್ಡ್ ಊರಿಗೆ ಹೋಗಿ ಹರಟೆ ಕೇಳಿ ಬರ್ತಿದ್ದೆ ಅಂತಲೂ ಬರೆದಿದ್ದಾನೆ. ಅವನು ಮನೆ ಕಟ್ಟಿಕೊಂಡ ಜಾಗ ಅವನ ಗೆಳೆಯ, ಲೇಖಕ ಎಮರ್ಸನ್‌ದು ಅನ್ನೋದೂ ಗುಟ್ಟೇನಲ್ಲ.

ನನಗೆ ಆ ಪುಸ್ತಕದಲ್ಲಿ ತುಂಬಾ ಇಷ್ಟವಾದದ್ದು ಮನೆ ಕಟ್ಟಿದ ಲೆಕ್ಕ. ಹಳೇ ಇಟ್ಟಿಗೆ ಒಂದು ಸಾವಿರಕ್ಕೆ 4 ಡಾಲರ್, ಮೊಳೆಗೆ 3 ಡಾಲರ್ 90 ಸೆಂಟ್, ಸೀಮೆಸುಣ್ಣಕ್ಕೆ 1 ಸೆಂಟ್, ಎಲ್ಲಾ ಸೇರಿ 28 ಡಾಲರ್ ಹನ್ನೆರಡೂವರೆ ಸೆಂಟ್. ಸೀಮೆಸುಣ್ಣದ ಕಾಸನ್ನೂ ಬಿಡದೆ ಬರೆದವನು ಓದುಗರ ಕಣ್ಣಿಗೆ ಮಣ್ಣೆರಚೋಕೆ ಹೊರಟಿದ್ದ ಅಂತ ಹೇಗೆ ನಂಬೋದು?

ತಪ್ಪು ಹುಡುಕಲೇಬೇಕು ಅಂದ್ರೆ ‘ಬೇಕರ್ ಫಾರ್ಮ್’ ಅಧ್ಯಾಯ ನೋಡಿ. ಮಳೆಗೆ ಸಿಕ್ಕಿ ಜಾನ್ ಫೀಲ್ಡ್ ಅನ್ನೋ ಐರಿಷ್ ಕೂಲಿಯವನ ಸೋರೋ ಮನೆಯೊಳಗೆ ಹೋಗಿ ಕೂತ ಥೋರೋ, ಹೆಂಡತಿ ಮಕ್ಕಳನ್ನು ಸಾಕೋಕೆ ಜೌಗು ನೆಲ ಅಗೆದು ಅಗೆದು ಸೋತವನಿಗೆ, ಟೀ ಕಾಫಿ ಬೆಣ್ಣೆ ಮಾಂಸ ಬಿಟ್ಟರೆ ಇಷ್ಟು ದುಡಿಯೋದೇ ಬೇಡ ಅಂತ ಉಪದೇಶ ಮಾಡ್ತಾನೆ. ಅಲ್ಲಿ ನಿಜಕ್ಕೂ ಸಿಟ್ಟು ಬರುತ್ತೆ. ಮದುವೆಯಾಗದ, ಹಾರ್ವರ್ಡ್‌ನಲ್ಲಿ ಓದಿದ ಮನುಷ್ಯ ಹೊಟ್ಟೆಪಾಡಿಗೆ ವಲಸೆ ಬಂದವನಿಗೆ ಹೇಳೋ ಮಾತಾ ಅದು? ಇದನ್ನು ಬಿಟ್ಟು ಅವನು ಎಲ್ಲಿ ಊಟ ಮಾಡಿದ ಅಂತ ಯಾಕೆ ಜಗಳ, ಅಲ್ವಾ?