ಪರ್ವೀನ್ ಅಂದರೆ ಕೃತ್ತಿಕೆ

ಪರ್ವೀನ್ ಅನ್ನೋ ಹೆಸರು ಕೇಳಿದರೆ ನಮ್ಮಲ್ಲಿ ಜಾಸ್ತಿ ಜನ ಅದನ್ನು ಅರಬ್ಬಿ ಅಂದುಕೊಳ್ಳುತ್ತಾರೆ. ಅದು ಅಪ್ಪಟ ಫಾರ್ಸಿ ಹೆಸರು. ಇರಾನಿಗೆ ಇಸ್ಲಾಂ ಬರುವುದಕ್ಕೆ ಎಷ್ಟೋ ಮೊದಲೇ ಇದ್ದ ಪದ. ಪಾರ್ಸಿಗಳ ಧರ್ಮಗ್ರಂಥ ಅವೆಸ್ತಾದಲ್ಲೂ ಇದರ ಹಳೆಯ ರೂಪ ಸಿಗುತ್ತದೆ.

ಅರ್ಥ ಗೊತ್ತಾ? ಕೃತ್ತಿಕಾ ನಕ್ಷತ್ರ. ನಮ್ಮ ಪಂಚಾಂಗದಲ್ಲಿ ಅಶ್ವಿನಿ, ಭರಣಿ ಆದ ಮೇಲೆ ಬರುತ್ತದಲ್ಲ, ಅದೇ. ಷಣ್ಮುಖನಿಗೆ ಹಾಲುಣಿಸಿದ ಆರು ತಾಯಂದಿರು ಇವರೇ. ಕಾರ್ತಿಕೇಯ ಅನ್ನೋ ಹೆಸರು ಬಂದಿದ್ದೂ ಇವರಿಂದಲೇ. ಅರಬ್ಬಿಯಲ್ಲಿ ಇದೇ ನಕ್ಷತ್ರಗಳಿಗೆ ಸುರಯ್ಯಾ ಅನ್ನುತ್ತಾರೆ. ಒಂದೇ ಕ್ಲಾಸಿನಲ್ಲಿ ಕೃತ್ತಿಕಾ, ಪರ್ವೀನ್, ಸುರಯ್ಯಾ ಕೂತಿದ್ದರೆ ಮೂವರದೂ ಒಂದೇ ಹೆಸರು! ನವೆಂಬರ್ ತಿಂಗಳಲ್ಲಿ ಕತ್ತಲಾದ ಮೇಲೆ ಪೂರ್ವಕ್ಕೆ ತಿರುಗಿ ನೋಡಿ. ಒತ್ತೊತ್ತಾಗಿ ಗುಂಪುಗೂಡಿದ ಪುಟ್ಟ ಚುಕ್ಕಿಗಳು ಕಾಣುತ್ತವೆ. ಬರಿಗಣ್ಣಿಗೆ ಆರು ಸಿಗಬಹುದು. ಬೈನಾಕ್ಯುಲರ್ ಇದ್ದರೆ ಹತ್ತಾರು.

ಈ ಹೆಸರನ್ನು ತಾನಾಗಿ ಆರಿಸಿಕೊಂಡ ಒಬ್ಬಳು ಕವಿ ಇದ್ದಳು, ಇರಾನಿನ ಪರ್ವೀನ್ ಏತೆಸಾಮಿ. ತಬ್ರೀಜ್ ಊರಲ್ಲಿ 1907ರಲ್ಲಿ ಹುಟ್ಟಿದಳು. ಮನೆಯಲ್ಲಿ ಇಟ್ಟ ಹೆಸರು ರಖ್ಶಂದೆ, ಅಂದರೆ ಹೊಳೆಯುವವಳು. ಪದ್ಯಕ್ಕೆ ಅಂತ ಪರ್ವೀನ್ ಆದಳು. 1935ರಲ್ಲಿ ಅವಳ ಕವನ ಸಂಕಲನ ಅಚ್ಚಾಯಿತು. ಅನಾಥ ಮಕ್ಕಳು, ಬಡವರು, ದುಡಿಯುವವರ ಕಷ್ಟ ಅದರಲ್ಲಿ ತುಂಬಿದೆ. ಸೂಜಿ, ದಾರ, ಬೆಳ್ಳುಳ್ಳಿ, ಈರುಳ್ಳಿ ಕೂಡ ಅವಳ ಪದ್ಯದಲ್ಲಿ ಮಾತಾಡುತ್ತವೆ. 1941ರಲ್ಲಿ ಟೈಫಾಯ್ಡ್ ಬಂದು ತೀರಿಕೊಂಡಳು. ಆಗ ಅವಳಿಗೆ 34 ವರ್ಷ. ತನ್ನ ಸಮಾಧಿಗೆ ಅಂತ ತಾನೇ ಒಂದು ಪದ್ಯ ಬರೆದಿಟ್ಟಿದ್ದಳು. ಈ ಕಪ್ಪು ಮಣ್ಣೇ ತಲೆದಿಂಬಾಗಿರುವವಳು ಸಾಹಿತ್ಯದ ಆಕಾಶದ ನಕ್ಷತ್ರ ಪರ್ವೀನ್ ಅಂತ. ಆ ಸಾಲು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಇಂಥ ಹೆಸರನ್ನು ನಾವು ಎಷ್ಟು ಅಸಡ್ಡೆಯಿಂದ ಬರೆಯುತ್ತೇವೆ ಅಂದರೆ ಬೇಜಾರಾಗುತ್ತದೆ. ನನ್ನ ಗೆಳತಿಯ ಹೆಸರು ಪರ್ವೀನ್. ಅವಳ ಒಂದು ಕಾರ್ಡಿನಲ್ಲಿ ಪ್ರವೀಣ್ ಅಂತ ಹೊಡೆದು, ಪಕ್ಕದಲ್ಲಿ ‘ಗಂಡು’ ಅಂತಲೂ ಹಾಕಿಬಿಟ್ಟರು. ಅಫಿಡವಿಟ್, ಫೋಟೊ, ಜೆರಾಕ್ಸ್ ಅಂತ ಅವಳು ಅಲೆದಿದ್ದನ್ನು ನಾನೇ ನೋಡಿದ್ದೇನೆ. ಪ್ರವೀಣ ಅಂದರೆ ಸಂಸ್ಕೃತದಲ್ಲಿ ನಿಪುಣ. ಪರ್ವೀನ್‌ಗೂ ಅದಕ್ಕೂ ಸಂಬಂಧವೇ ಇಲ್ಲ.

ಫಾರ್ಸಿ ನಮಗೇನು ಹೊಸದಲ್ಲ. ಕಲಬುರ್ಗಿ, ಬೀದರಿನಿಂದ ಆಳಿದ ಬಹಮನಿ ಸುಲ್ತಾನರ ಆಸ್ಥಾನದಲ್ಲಿ ಅದೇ ನಡೆಯುತ್ತಿತ್ತು. ಸರ್ಕಾರ, ಜಮೀನು, ದರಖಾಸ್ತು, ಗುಮಾಸ್ತ ಎಲ್ಲ ಅಲ್ಲಿಂದ ಬಂದ ಪದಗಳೇ. ಇವನ್ನು ನಾವು ತಪ್ಪಿಲ್ಲದೆ ಬರೆಯುತ್ತೇವೆ, ಅಲ್ವಾ? ಫಾರಂ ತುಂಬಿಸುವವರಿಗೆ, ಕಂಪ್ಯೂಟರ್ ಮುಂದೆ ಕೂರುವವರಿಗೆ ನನ್ನದೊಂದೇ ಮನವಿ. ಹೆಸರು ಟೈಪ್ ಮಾಡಿದ ಮೇಲೆ ಸ್ಕ್ರೀನ್ ತಿರುಗಿಸಿ ಅವರಿಗೇ ತೋರಿಸಿ. ‘ಸರಿ ಇದೆ’ ಅಂತ ಅವರು ಹೇಳಿದ ಮೇಲೆ ಪ್ರಿಂಟ್ ಕೊಡಿ.