ಅನುಮತಿಯಿಲ್ಲದೆ ಲೆಕ್ಕ ಬರೆಯುವ ಮರಗಳು

ರಸ್ತೆಯ ಅಂಚಿನಲ್ಲಿ ನಿಂತ ಮರಗಳ ಮೇಲೆ ಶಿಸ್ತುಕ್ರಮ ಜರುಗಿಸದೆ ಇನ್ನು ವಿಧಿಯಿಲ್ಲವೆಂದು ತೋರುತ್ತದೆ. ಯಾವ ಇಲಾಖೆಯಿಂದಲೂ ನೇಮಕಾತಿ ಆದೇಶ ಪಡೆಯದೆ, ತರಬೇತಿಗೆ ಹಾಜರಾಗದೆ, ಅವು ತಮ್ಮಷ್ಟಕ್ಕೆ ಗಾಳಿಯ ಲೆಕ್ಕ ಬರೆದಿಡುತ್ತಿವೆ. ಅದೂ ನಾವು ಲೆಕ್ಕಕ್ಕೇ ಹಿಡಿಯದಿರಲು ತೀರ್ಮಾನಿಸಿರುವ ಕಣಗಳ ಲೆಕ್ಕವನ್ನು.

ನಮ್ಮ ಪದ್ಧತಿ ಸರಳವಾದದ್ದು. ಗಾಳಿಯ ಕೊಳೆಯನ್ನು ನಾವು ತೂಗುತ್ತೇವೆ. ಒಂದು ಘನ ಮೀಟರ್ ಗಾಳಿಯಲ್ಲಿರುವ, 2.5 ಮೈಕ್ರೊಮೀಟರ್ ಮತ್ತು ಅದಕ್ಕಿಂತ ಸಣ್ಣ ಕಣಗಳೆಲ್ಲ ಸೇರಿ ಎಷ್ಟು ಮೈಕ್ರೊಗ್ರಾಂ ಆಗುತ್ತವೆಂದು ನೋಡಿ, ಫಲಕದ ಮೇಲೆ ಹಸಿರನ್ನೋ ಕೆಂಪನ್ನೋ ಬೆಳಗಿಸುತ್ತೇವೆ. ಆದರೆ ಡೀಸೆಲ್ ಎಂಜಿನ್ ಉಗುಳುವ ಕಣಗಳನ್ನು ತೂಗದೆ ಎಣಿಸಿದರೆ, ಅವುಗಳಲ್ಲಿ ಬಹುಪಾಲು 100 ನ್ಯಾನೊಮೀಟರಿಗಿಂತ, ಅಂದರೆ ಒಂದು ಮೈಕ್ರೊಮೀಟರಿನ ಹತ್ತನೇ ಒಂದು ಭಾಗಕ್ಕಿಂತ, ಚಿಕ್ಕವು. 100 ನ್ಯಾನೊಮೀಟರಿನ 15,625 ಕಣಗಳನ್ನು ಗುಡ್ಡೆ ಹಾಕಿದರೆ 2.5 ಮೈಕ್ರೊಮೀಟರಿನ ಒಂದೇ ಒಂದು ಕಣದ ತೂಕ ಬರುತ್ತದೆ. ಎಮ್ಮೆ ತೂಗುವ ತಕ್ಕಡಿಗೆ ಇರುವೆಗಳನ್ನು ಸುರಿದು, ಮುಳ್ಳು ಅಲ್ಲಾಡದ ಕಾರಣ ಇರುವೆಗಳೇ ಇಲ್ಲವೆಂದು ಷರಾ ಬರೆಯುವ ಜಾಣತನ ಇದು. ಇರುವೆಗಳಾದರೋ ಅಷ್ಟರಲ್ಲಿ ಶ್ವಾಸಕೋಶದ ಕೊನೆಯ ಗೂಡನ್ನು ತಲುಪಿ, ಅಲ್ಲಿಂದ ರಕ್ತಕ್ಕೂ ಇಳಿಯುವ ದಾರಿ ಹುಡುಕುತ್ತಿರುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಿದಾಗ, ಪಿಎಂ 2.5 ಎಂದು ಕರೆಯುವ, ನಾವು ತೂಗುವ ಆ ಕಣಗಳಿಗೆ ಘನ ಮೀಟರಿಗೆ ವಾರ್ಷಿಕ ಸರಾಸರಿ 5 ಮೈಕ್ರೊಗ್ರಾಂ ಎಂಬ ಅಂಕಿಯನ್ನು ಕೊಟ್ಟಿತು. 100 ನ್ಯಾನೊಮೀಟರಿಗಿಂತ ಚಿಕ್ಕವಾದ ಅತಿಸೂಕ್ಷ್ಮ ಕಣಗಳ ಸರದಿ ಬಂದಾಗ ಮಾತ್ರ, ಅವನ್ನು ಎಣಿಸುತ್ತಿರಿ, ಘನ ಸೆಂಟಿಮೀಟರಿಗೆ ದಿನದ ಸರಾಸರಿ 10,000 ದಾಟಿದರೆ ಹೆಚ್ಚೆಂದು ತಿಳಿಯಿರಿ ಎಂಬ ಸಲಹೆಯಷ್ಟಕ್ಕೇ ನಿಂತಿತು. ಸಲಹೆಗಳನ್ನು ಕಪಾಟಿನ ಯಾವ ಅರೆಯಲ್ಲಿ ಇಡಬೇಕೆಂಬುದು ಆಡಳಿತ ಬಲ್ಲವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ.

ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯ ನಡುವೆ ಮರ ಮಾಡುವ ಕಿತಾಪತಿಯನ್ನು ನೋಡಿ. ವಾಹನಗಳು ಎಡೆಬಿಡದೆ ಓಡುವ ರಸ್ತೆಯ ಬದಿಯ ಒಂದು ಎಲೆಯನ್ನು ಬಿಳಿಯ ಬಟ್ಟೆಯಿಂದ ಒರೆಸಿದರೆ ಹೆಬ್ಬೆರಳಗಲದ ಕಪ್ಪು ಪಟ್ಟೆ ಮೂಡುತ್ತದೆ. ಅದನ್ನು ಕ್ಷಮಿಸಬಹುದು, ಒಂದು ಜೋರು ಮಳೆಗೆ ಬಹುಮಟ್ಟಿಗೆ ತೊಳೆದು ಹೋಗುವ ಸಾಕ್ಷ್ಯ ಅದು. ಆಕ್ಷೇಪವಿರುವುದು ಒರೆಸಿದರೂ ಹೋಗದ ಕಣಗಳ ಬಗ್ಗೆ. ಅವು ಎಲೆಯ ಮೇಣದ ಪದರದಲ್ಲಿ ಹುದುಗಿಕೊಳ್ಳುತ್ತವೆ, ಇಲ್ಲವೇ ಪತ್ರರಂಧ್ರಗಳೊಳಗೆ ನುಸುಳುತ್ತವೆ. ಕೆಲವೇ ಮೈಕ್ರೊಮೀಟರ್ ಅಗಲಕ್ಕೆ ತೆರೆಯುವ ಆ ರಂಧ್ರ ನಮ್ಮ ಕಣ್ಣಿಗೆ ಕಾಣದಿದ್ದರೂ ನ್ಯಾನೊ ಕಣಕ್ಕೆ ಅದು ಕೋಟೆಯ ಹೆಬ್ಬಾಗಿಲು. ಬೀಚ್ ಮತ್ತು ಪೈನ್ ಮರಗಳ ಎಲೆಗಳಿಗೆ ಚಿನ್ನದ ನ್ಯಾನೊ ಕಣಗಳನ್ನು ಸವರಿ ನೋಡಿದ ಪ್ರಯೋಗದಲ್ಲಿ ಆ ಚಿನ್ನ ಕಾಂಡದಲ್ಲೂ ಸಿಕ್ಕಿತು. ಕಬ್ಬಿಣವನ್ನು ಸವರಿದ್ದರೆ ಅದು ಮಣ್ಣಿನಿಂದ ಬಂದದ್ದೆಂದು ತಕರಾರು ತೆಗೆಯಬಹುದಿತ್ತು. ಚಿನ್ನವನ್ನು ಆರಿಸಿಕೊಂಡು ವಿಜ್ಞಾನಿಗಳು ಆ ಸವಲತ್ತನ್ನೂ ಕಿತ್ತುಕೊಂಡರು.

ಹೀಗೆ ಕಣಗಳ ಜೊತೆ ಒಳಗೆ ಸೇರಿದ ಲೋಹವನ್ನು ಮರ ವರ್ಷಕ್ಕೊಂದರಂತೆ ಕಟ್ಟುವ ಉಂಗುರಗಳಲ್ಲಿ ಸೇರಿಸಿಡುತ್ತದೆ. ಮರವನ್ನು ಕೊಲ್ಲದೆಯೇ ಸುಮಾರು 5 ಮಿಲಿಮೀಟರ್ ದಪ್ಪದ ಒಂದು ಕಡ್ಡಿಯನ್ನು ಕಾಂಡದಿಂದ ಕೊರೆದು ತೆಗೆದರೆ, ತೊಗಟೆಯ ಬಳಿಯ ಈ ವರ್ಷದಿಂದ ಒಳಗಿನ ಹಳೆಯ ವರ್ಷಗಳವರೆಗೆ ಲೆಕ್ಕ ಓದಬಹುದು. ಕೆಲವು ಲೋಹಗಳು ಒಂದು ಉಂಗುರದಿಂದ ಪಕ್ಕದ್ದಕ್ಕೆ ಜಾರುತ್ತವೆಂಬುದು ನಿಜ, ಮತ್ತು ನಮ್ಮ ಪಾಲಿಗೆ ಅಷ್ಟೇ ಸಮಾಧಾನ: ವರ್ಷ ತಪ್ಪಾಗಿ ನಮೂದಾಗಿದೆಯೆಂಬ ಕಾರಣಕ್ಕೆ ಇಡೀ ದಫ್ತರವನ್ನೇ ತಿರಸ್ಕರಿಸಲು ಅವಕಾಶವಿದೆ.

ಉಪಕರಣಗಳಾದರೆ ಹೇಳಿದ ಮಾತು ಕೇಳುತ್ತವೆ. ಚೀನಾದ ಶಿಯಾನ್ ನಗರದಲ್ಲಿ 2016ರಲ್ಲಿ ಪರಿಸರ ಅಧಿಕಾರಿಗಳೇ ಗಾಳಿ ಅಳೆಯುವ ಯಂತ್ರದ ಬಾಯಿಗೆ ಹತ್ತಿಬಟ್ಟೆ ತುರುಕಿ ಶುದ್ಧ ಗಾಳಿಯನ್ನು ಉತ್ಪಾದಿಸಿದ್ದರು. ಮರುವರ್ಷ ನ್ಯಾಯಾಲಯ ಅವರನ್ನು ಶಿಕ್ಷಿಸಿತೆಂಬುದು ಬೇರೆ ಮಾತು. ಅದೇ ದೇಶದ ನಿಂಗ್‌ಶಿಯಾದಲ್ಲಿ 2018ರ ಚಳಿಗಾಲದಲ್ಲಿ ಹೊಗೆಮಂಜು ತಗ್ಗಿಸಲು ನೀರು ಚಿಮ್ಮಿಸಿ ಚಿಮ್ಮಿಸಿ ಪರಿಸರ ಕಚೇರಿಯ ಕಟ್ಟಡವೇ ಮಂಜುಗಡ್ಡೆಯ ಶಿಲ್ಪವಾಗಿ ನಿಂತಿತ್ತು. ಮರದ ವಿಷಯದಲ್ಲಿ ಈ ಕೌಶಲ ನಡೆಯದು. ಹಲವು ಮರಗಳ ಎಲೆಯಲ್ಲಿ ಒಂದು ಚದರ ಮಿಲಿಮೀಟರಿಗೇ ನೂರಕ್ಕೂ ಹೆಚ್ಚು ರಂಧ್ರಗಳಿರುವಾಗ, ಅಷ್ಟಕ್ಕೂ ಹತ್ತಿ ಪೂರೈಸುವ ಗುತ್ತಿಗೆದಾರ ಎಲ್ಲಿ ಸಿಕ್ಕಾನು?

ಮರ ಕೊಳೆಯನ್ನು ಹೀರುವುದಾದರೆ ಇನ್ನಷ್ಟು ಸಸಿ ನೆಟ್ಟು ಫೋಟೊ ತೆಗೆಸಿಕೊಂಡರಾಯಿತಲ್ಲ ಎನ್ನುವವರಿದ್ದಾರೆ. ಇಂಗ್ಲೆಂಡಿನ ಲ್ಯಾಂಕಾಸ್ಟರಿನಲ್ಲಿ ವಿಜ್ಞಾನಿ ಬಾರ್ಬರಾ ಮಾಹರ್ ಅವರ ತಂಡ ರಸ್ತೆಗೂ ಮನೆಗಳಿಗೂ ನಡುವೆ ಎಳೆಯ ಬರ್ಚ್ ಗಿಡಗಳನ್ನು ಸಾಲಾಗಿ ಇಟ್ಟು ನೋಡಿದಾಗ ಮನೆಯೊಳಗಿನ ಕಣಗಳು ಅರ್ಧಕ್ಕೂ ಹೆಚ್ಚು ಇಳಿದದ್ದುಂಟು. ಆದರೆ ಅದೇ ತಂಡ 2016ರಲ್ಲಿ ಮನುಷ್ಯರ ಮೆದುಳಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ದುಂಡನೆಯ ನ್ಯಾನೊ ಕಣಗಳನ್ನೂ ಕಂಡಿತು. ದೇಹ ತಾನೇ ತಯಾರಿಸಿದ್ದಾದರೆ ಅವು ಹರಳಿನಂತೆ ಮೂಲೆಗಳುಳ್ಳವಾಗಿರುತ್ತವೆ. ಉರಿಯಲ್ಲಿ ಕರಗಿ ಗಟ್ಟಿಯಾದವು ಮಾತ್ರ ಹೀಗೆ ಗುಂಡಗಿರುತ್ತವೆ. ಮರಕ್ಕೆ ವಹಿಸಿಕೊಟ್ಟ ಕೆಲಸದಲ್ಲಿ ಒಂದು ಪಾಲನ್ನು ನಾವೂ ತಲೆಗೆ ಹಚ್ಚಿಕೊಂಡಿದ್ದೇವೆಂದಾಯಿತು.

ಕಡಿದುಬಿಡೋಣವೆಂಬ ಸೂಚನೆಯೂ ಬಂದಿದೆ. ಅದರಲ್ಲೊಂದು ತಾಂತ್ರಿಕ ತೊಡಕಿದೆ: ಕೊರೆಯುವ ಸಲಕರಣೆಯಿದ್ದವರಷ್ಟೇ ಓದಬಹುದಾಗಿದ್ದ ಉಂಗುರಗಳು, ಕಡಿದ ಕೂಡಲೇ ದಾರಿಹೋಕರೆಲ್ಲರ ಎದುರು ಬಿಚ್ಚಿಕೊಳ್ಳುತ್ತವೆ. ಹಾಗಾಗಿ ದಿಮ್ಮಿಯನ್ನು ಅಂದೇ ಸುಟ್ಟು ದಾಖಲೆ ನಾಶಪಡಿಸಬೇಕೆಂದು ಸೂಚನೆಗೆ ತಿದ್ದುಪಡಿ ತರಲಾಯಿತು. ಆ ಹೊಗೆ ಸಾಗುವ ದಿಕ್ಕಿನಲ್ಲಿ ಇನ್ನೊಂದು ಮರವಿದೆ, ಅದರ ಈ ವರ್ಷದ ಉಂಗುರ ಇನ್ನೂ ಮುಗಿದಿಲ್ಲ.