ಟಿಕೆಟ್ ಅಗ್ಗ ಸಿಯಾಟಲ್‌ಗೆ, ಹಡಗು ಹೊರಡುವುದು ವ್ಯಾಂಕೂವರ್‌ನಿಂದ

ಅಪ್ಪ ಅಮ್ಮ ಮೈಸೂರಿನಿಂದ ಅಮೆರಿಕದ ಸ್ಯಾನ್ ಹೋಸೆಯ ನಮ್ಮ ಮನೆಗೆ ಬಂದಾಗ ಅವರನ್ನು ಅಲಾಸ್ಕಾ ಕ್ರೂಸ್‌ಗೆ, ಅಂದರೆ ಹಡಗಿನ ಪ್ರವಾಸಕ್ಕೆ, ಕರೆದುಕೊಂಡು ಹೋಗಿದ್ದೆವು. ನಮ್ಮ ಹಡಗು ಹೊರಟದ್ದು ಕೆನಡಾದ ವ್ಯಾಂಕೂವರ್‌ನಿಂದ. ಫೋಟೋ ನೋಡಿದ ಎಷ್ಟೋ ಜನ ಕೇಳುತ್ತಿರುವುದು ಒಂದೇ ಪ್ರಶ್ನೆ. "ವ್ಯಾಂಕೂವರ್‌ಗೆ ವಿಮಾನ ದುಬಾರಿ. ಸಿಯಾಟಲ್‌ನಲ್ಲಿ ಇಳಿದು ಗಡಿ ದಾಟಿದರೆ ದುಡ್ಡು ಉಳಿಯುತ್ತದೆ ಅಲ್ವಾ?"

ಉಳಿಯುತ್ತದೆ. ನಾವೂ ಅದನ್ನೇ ಮಾಡಿದ್ದು. ಆದರೆ ದಯವಿಟ್ಟು, ಹಡಗು ಹೊರಡುವ ದಿನವೇ ಗಡಿ ದಾಟುವ ಲೆಕ್ಕ ಹಾಕಬೇಡಿ. ವಯಸ್ಸಾದವರು ಜೊತೆಗಿದ್ದರಂತೂ ಬೇಡವೇ ಬೇಡ. ಇದನ್ನು ಹೇಳಲಿಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. ಸ್ಯಾನ್ ಹೋಸೆಯಿಂದ ಸಿಯಾಟಲ್‌ಗೆ ಹೋಗುವುದು ದೇಶದೊಳಗಿನ ಪ್ರಯಾಣ. ದಿನಕ್ಕೆ ಬೇಕಾದಷ್ಟು ವಿಮಾನಗಳಿವೆ. ವ್ಯಾಂಕೂವರ್ ಅಂದ ತಕ್ಷಣ ಅದು ಅಂತರರಾಷ್ಟ್ರೀಯ ಪ್ರಯಾಣ. ತೆರಿಗೆ, ವಿಮಾನ ನಿಲ್ದಾಣದ ಶುಲ್ಕ ಎಲ್ಲ ಸೇರಿಕೊಳ್ಳುತ್ತವೆ. ನಾವು ನೋಡಿದ ದಿನ ನಾಲ್ಕು ಜನರ ಟಿಕೆಟ್‌ನಲ್ಲಿ ಸುಮಾರು 600 ಡಾಲರ್ ವ್ಯತ್ಯಾಸ ಇತ್ತು. ಬಸ್ಸಿಗೂ ವ್ಯಾಂಕೂವರ್‌ನ ಒಂದು ರಾತ್ರಿಯ ಹೋಟೆಲಿಗೂ ಅದರಲ್ಲಿ ಮುಕ್ಕಾಲು ಪಾಲು ಹೋಯಿತು. ಕ್ರೂಸ್ ಸೀಸನ್‌ನಲ್ಲಿ ಅಲ್ಲಿ ಹೋಟೆಲ್ ಅಗ್ಗಕ್ಕೆ ಸಿಗುವುದಿಲ್ಲ. ಕೊನೆಗೆ ಕೈಯಲ್ಲಿ ಉಳಿದದ್ದು ಸ್ವಲ್ಪವೇ. ಇದನ್ನು ತಿಳಿದುಕೊಂಡೇ ಹೊರಡಿ.

"ಹಾಗಿದ್ದರೆ ಸಿಯಾಟಲ್‌ನಿಂದಲೇ ಹೊರಡುವ ಹಡಗು ಹಿಡಿದರಾಯಿತಲ್ಲ, ಕೆನಡಾ ವೀಸಾದ ತಲೆನೋವೂ ಇರುವುದಿಲ್ಲ" ಅಂತ ನನ್ನ ಗೆಳೆಯನೊಬ್ಬ ಹೇಳಿದ. ಬಹಳ ಜನ ಎಡವುವುದು ಇಲ್ಲೇ. ಅಮೆರಿಕದಲ್ಲಿ 1886ರ ಒಂದು ಕಾನೂನಿದೆ. ವಿದೇಶಿ ಬಾವುಟದ ಹಡಗು ಅಮೆರಿಕದ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಸಾಗಿಸುವ ಹಾಗಿಲ್ಲ, ನಡುವೆ ಹೊರದೇಶದ ಬಂದರು ಬರಬೇಕು. ದೊಡ್ಡ ಕ್ರೂಸ್ ಹಡಗುಗಳು ಹೆಚ್ಚು ಕಡಿಮೆ ಎಲ್ಲವೂ ವಿದೇಶಿ ಬಾವುಟದವು. ಅದಕ್ಕೇ ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಹೋಗಿಬರುವ ಹಡಗು ಒಂದು ಸಂಜೆಯಾದರೂ ಕೆನಡಾದ ಬಂದರಿನಲ್ಲಿ, ಸಾಮಾನ್ಯವಾಗಿ ವಿಕ್ಟೋರಿಯಾದಲ್ಲಿ, ನಿಲ್ಲುತ್ತದೆ. ಅಂದರೆ ಭಾರತದ ಪಾಸ್‌ಪೋರ್ಟ್ ಇರುವ ಅಪ್ಪ ಅಮ್ಮನಿಗೆ ಅಲ್ಲಿಯೂ ಕೆನಡಾ ವೀಸಾ ಬೇಕು. 2021ರಲ್ಲಿ ಕೋವಿಡ್ ಕಾರಣಕ್ಕೆ ಕೆನಡಾ ತನ್ನ ಬಂದರುಗಳನ್ನು ಕ್ರೂಸ್‌ಗಳಿಗೆ ಮುಚ್ಚಿಟ್ಟಿದ್ದಾಗ, ಈ ನಿಯಮದಿಂದ ತಾತ್ಕಾಲಿಕ ವಿನಾಯಿತಿ ಕೊಡಲು ಅಮೆರಿಕ ಬೇರೆ ಕಾನೂನನ್ನೇ ಮಾಡಬೇಕಾಯಿತು.

ವೀಸಾ ಹೇಗಿದ್ದರೂ ಬೇಕು ಅಂದಮೇಲೆ ವ್ಯಾಂಕೂವರ್ ನನಗೆ ಹೆಚ್ಚು ಇಷ್ಟವಾಯಿತು. ಅಲ್ಲಿಂದ ಹೊರಟ ಹಡಗು ವ್ಯಾಂಕೂವರ್ ದ್ವೀಪದ ಒಳಬದಿಯಲ್ಲಿ ಸಾಗುತ್ತದೆ. ಎರಡೂ ಕಡೆ ನೆಲ, ನೀರು ಶಾಂತ. ಸಿಯಾಟಲ್‌ನ ಹಡಗುಗಳು ಸಾಮಾನ್ಯವಾಗಿ ದ್ವೀಪದ ಹೊರಗೆ, ತೆರೆದ ಸಮುದ್ರದಲ್ಲಿ ಹೋಗುತ್ತವೆ. ಅಮ್ಮನಿಗೆ ಮಡಿಕೇರಿ ಘಾಟಿಯಲ್ಲೇ ತಲೆ ಸುತ್ತುತ್ತದೆ. ಇನ್ನೊಂದು ಅನುಕೂಲವೂ ಇದೆ. ಹೊರಡುವುದೇ ಕೆನಡಾದಿಂದ ಆದ್ದರಿಂದ ಹಡಗು ಅಲಾಸ್ಕಾದ ಸೆವರ್ಡ್‌ನಲ್ಲೋ ವಿಟ್ಟಿಯರ್‌ನಲ್ಲೋ ನಮ್ಮನ್ನು ಇಳಿಸಿಬಿಡಬಹುದು. ಹೋದ ದಾರಿಯಲ್ಲೇ ವಾಪಸ್ ಬರಬೇಕಿಲ್ಲ. ಅಲ್ಲಿಂದ ಆಂಕರೇಜ್ ನಗರಕ್ಕೆ ಹೋಗಿ ವಿಮಾನ ಹತ್ತಿದರೆ ಆಯಿತು.

ಗಡಿ ಶುರುವಾಗುವುದು ರಸ್ತೆಯಲ್ಲಲ್ಲ, ಕಾಗದದಲ್ಲಿ. ನನಗೂ ನನ್ನ ಗಂಡನಿಗೂ ಗ್ರೀನ್ ಕಾರ್ಡ್ ಇದೆ. ಆ ಕಾರ್ಡ್ ಮತ್ತು ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಇದ್ದರೆ ಕೆನಡಾ ವೀಸಾ ಬೇಕಿಲ್ಲ. ಎಚ್‌1ಬಿ ಕೆಲಸದ ವೀಸಾದಲ್ಲಿರುವ ಭಾರತೀಯರಿಗೆ ಬೇಕು. ಅಪ್ಪ ಅಮ್ಮಂದಿರಿಗೆ ಅಮೆರಿಕದ ಹತ್ತು ವರ್ಷದ ವೀಸಾ ಇದ್ದರೂ ಬೇಕು. ಶುಲ್ಕ ತಲೆಗೆ 100 ಕೆನಡಿಯನ್ ಡಾಲರ್, ಬೆರಳಚ್ಚಿಗೆ ಇನ್ನೂ 85. ಅವರು ಊರಿನಲ್ಲಿರುವಾಗಲೇ ಅರ್ಜಿ ಹಾಕಿಸಿ. ಇಲ್ಲಿಗೆ ಬಂದಮೇಲೆ ಸ್ಟಾಂಪಿಗೆ ಅಂತ ಪಾಸ್‌ಪೋರ್ಟ್ ಕಳಿಸಿ, ಹಡಗಿನ ದಿನಾಂಕ ನೋಡುತ್ತಾ ಕೂರುವ ಕಷ್ಟ ಬೇಡ. ಹಾಗೆಯೇ ಅಲಾಸ್ಕಾಕ್ಕೆ ಹೋಗುವವರ ಅಮೆರಿಕ ಇಮಿಗ್ರೇಶನ್ ಹಡಗು ಹತ್ತುವ ಮೊದಲು ವ್ಯಾಂಕೂವರ್ ಬಂದರಿನಲ್ಲೇ ನಡೆಯುತ್ತದೆ. ಅಂದರೆ ಅಮೆರಿಕದಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂದ ಲೆಕ್ಕ. ಅವರ ಅಮೆರಿಕ ವೀಸಾ ಒಂದೇ ಸಲದ ಪ್ರವೇಶಕ್ಕೆ ಕೊಟ್ಟಿದ್ದಾ ಅಂತ ತೆಗೆದು ನೋಡಿಕೊಳ್ಳಿ.

ಸಿಯಾಟಲ್‌ನಿಂದ ವ್ಯಾಂಕೂವರ್ ಸುಮಾರು 230 ಕಿಲೋಮೀಟರ್. ಬೆಂಗಳೂರಿನಿಂದ ಹಾಸನ ದಾಟಿ ಇನ್ನಷ್ಟು ದೂರ ಹೋದ ಹಾಗೆ. ರೈಲಿದೆ, ಬಸ್ಸಿದೆ. ಬಾಡಿಗೆ ಕಾರನ್ನು ಒಂದು ದೇಶದಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡುವುದು ದುಬಾರಿ, ಎಲ್ಲರೂ ಒಪ್ಪುವುದೂ ಇಲ್ಲ. ನನ್ನನ್ನು ಕೇಳಿದರೆ ರೈಲು. ವಿಮಾನ ನಿಲ್ದಾಣದಿಂದ ಮೆಟ್ರೊ ತರಹದ ಲೈಟ್ ರೈಲ್ ಹಿಡಿದರೆ ಮುಕ್ಕಾಲು ಗಂಟೆಯೊಳಗೆ ಕಿಂಗ್ ಸ್ಟ್ರೀಟ್ ಸ್ಟೇಷನ್ ಹತ್ತಿರ ಇಳಿಯಬಹುದು. ಅಲ್ಲಿಂದ ಆಮ್‌ಟ್ರಾಕ್ ಕ್ಯಾಸ್ಕೇಡ್ಸ್ ರೈಲು ಸಮುದ್ರದ ಅಂಚಿನಲ್ಲೇ ಎವರೆಟ್, ಬೆಲ್ಲಿಂಗ್‌ಹ್ಯಾಮ್ ದಾಟಿ ನಾಲ್ಕು ಗಂಟೆ ಚಿಲ್ಲರೆಯಲ್ಲಿ ವ್ಯಾಂಕೂವರ್ ಮುಟ್ಟುತ್ತದೆ. ಉತ್ತರಕ್ಕೆ ಹೋಗುವಾಗ ಕೆನಡಾದ ತಪಾಸಣೆ ಕೊನೆಯ ಸ್ಟೇಷನ್‌ನಲ್ಲೇ ನಡೆಯುತ್ತದೆ. ನಡುದಾರಿಯಲ್ಲಿ ಲಗೇಜ್ ಇಳಿಸಿ ಸಾಲು ನಿಲ್ಲಬೇಕಿಲ್ಲ. ಸ್ಟೇಷನ್ ಎದುರಿಗೇ ಸ್ಕೈಟ್ರೇನ್ ಅನ್ನುವ ಮೆಟ್ರೊ ಸಿಗುತ್ತದೆ, ಅದು ವಾಟರ್‌ಫ್ರಂಟ್ ಸ್ಟೇಷನ್‌ಗೆ ಹೋಗುತ್ತದೆ, ಬಂದರು ಅಲ್ಲೇ ಪಕ್ಕದಲ್ಲಿ. ಆದರೆ ರೈಲು ಇರುವುದು ದಿನಕ್ಕೆ ಎರಡೇ, ಒಂದು ಬೆಳಿಗ್ಗೆ, ಇನ್ನೊಂದು ಸಂಜೆ. ನಮಗೆ ಬೇಕಾದ ದಿನ ಸೀಟು ಸಿಗಲಿಲ್ಲ. ಬಸ್ ಹತ್ತಿದೆವು.

ಬಸ್ಸಿನಲ್ಲಿ ಏನಾಗುತ್ತದೆ ಅಂದರೆ, ಗಡಿಯಲ್ಲಿ ಎಲ್ಲರೂ ಇಳಿಯಬೇಕು. ಎಲ್ಲ ಲಗೇಜ್ ಇಳಿಸಬೇಕು. ಸಾಲು ನಿಂತು ಒಬ್ಬೊಬ್ಬರಾಗಿ ಅಧಿಕಾರಿಯ ಮುಂದೆ ಹೋಗಬೇಕು. ಒಬ್ಬರ ಕಾಗದದಲ್ಲಿ ಪ್ರಶ್ನೆ ಬಂದರೆ ಇಡೀ ಬಸ್ ಕಾಯುತ್ತದೆ. ಅವತ್ತು ಒಬ್ಬ ಹುಡುಗನನ್ನು ಒಳಗೆ ಕೂರಿಸಿದರು. ನಮಗಿಂತ ಮುಂಚೆ ಬಂದಿದ್ದ ಬಸ್‌ಗಳೂ ಇದ್ದವು. ಹತ್ತಿರ ಹತ್ತಿರ ಎರಡು ಗಂಟೆ ಅಲ್ಲೇ ಕಳೆಯಿತು. ಅಮ್ಮ ಮಂಡಿ ಹಿಡಿದುಕೊಂಡು ಸೂಟ್‌ಕೇಸ್ ಮೇಲೆ ಕೂತಿದ್ದರು. ಹಸಿ ಕರಿಬೇವನ್ನು ಹಿಂದಿನ ರಾತ್ರಿಯೇ ಬ್ಯಾಗಿನಿಂದ ತೆಗೆಸಿದ್ದೆ. ಚಕ್ಕುಲಿ, ಕೋಡುಬಳೆ ಇವೆ ಅಂತ ಹೇಳಿದೆವು, ಅಧಿಕಾರಿ ಸರಿ ಅಂದರು. ತಿನ್ನುವ ಪದಾರ್ಥ ಏನೇ ಇದ್ದರೂ ಮುಚ್ಚಿಡದೆ ಹೇಳಿ.

ನಮ್ಮ ಹಡಗು ಮರುದಿನ ಇತ್ತು. ಹಾಗಾಗಿ ನಾವು ಕಾಯಬಹುದಿತ್ತು. ಆದರೆ ಹಿಂದಿನ ಸೀಟಿನಲ್ಲಿದ್ದ ವಯಸ್ಸಾದ ದಂಪತಿಯ ಹಡಗು ಅದೇ ದಿನ ನಾಲ್ಕೂವರೆಗೆ. ಹಡಗಿಗೆ ಹತ್ತಲು ಕೊನೆಯ ಸಮಯ ಅದಕ್ಕೂ ಒಂದು ಗಂಟೆಗಿಂತ ಮುಂಚೆಯೇ ಮುಗಿಯುತ್ತದೆ, ಆಮೇಲೆ ಪ್ರಯಾಣಿಕರ ಪಟ್ಟಿ ಮುಚ್ಚಿಬಿಡುತ್ತಾರೆ. ಆ ಅಜ್ಜ ಗಡಿಯಾರ ನೋಡುತ್ತಿದ್ದರು. ಅಜ್ಜಿ ನೋಡುತ್ತಿರಲಿಲ್ಲ, ಸುಮ್ನೆ ಗಂಡನ ಕೈ ಹಿಡಿದುಕೊಂಡಿದ್ದರು. ಬಸ್ ನಿಂತ ತಕ್ಷಣ ಟ್ಯಾಕ್ಸಿಗೆ ಓಡಿದರು. ಹಡಗು ಸಿಕ್ಕಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಇವತ್ತಿಗೂ ನೆನಪಾಗುತ್ತದೆ.

ಹೋಟೆಲಿನ ಆ ಒಂದು ರಾತ್ರಿಯನ್ನು ನಾನು ಮೊದಲು ದಂಡ ಅಂತಲೇ ಲೆಕ್ಕ ಹಾಕಿದ್ದೆ. ಸಂಜೆ ಅಮ್ಮ ಮಲಗಿದರು. ನಾನು ಅಪ್ಪ ಇಬ್ಬರೇ ದಡದಲ್ಲಿ ನಡೆಯಲು ಹೋದೆವು. ಬಿಳಿ ಹಾಯಿಗಳ ಕೆನಡಾ ಪ್ಲೇಸ್ ಕಟ್ಟಡದಿಂದ ಸ್ವಲ್ಪ ಮುಂದೆ ಒಂದು ಪಾರ್ಕ್. ಅಲ್ಲಿ ಕೊಮಗಾಟ ಮಾರು ಸ್ಮಾರಕ ಇದೆ. 1914ರ ಮೇ 23ರಂದು 376 ಭಾರತೀಯರನ್ನು ಹೊತ್ತ ಆ ಹೆಸರಿನ ಹಡಗು ಇದೇ ನೀರಿಗೆ ಬಂದು ನಿಂತಿತ್ತು. ಹೆಚ್ಚಿನವರು ಪಂಜಾಬಿನ ಸಿಖ್ಖರು. ಆಗ ಕೆನಡಾದಲ್ಲಿ ಒಂದು ನಿಯಮ ಇತ್ತು: ತಾಯ್ನಾಡಿನಿಂದ ಎಲ್ಲೂ ಪ್ರಯಾಣ ಮುರಿಯದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ. ಹಾಗೆ ನೇರವಾಗಿ ಬರಲು ಭಾರತದಿಂದ ಹಡಗೇ ಇರಲಿಲ್ಲ. ಎರಡು ತಿಂಗಳು ದಡ ಕಾಣುತ್ತಿದ್ದರೂ ಇಳಿಯಲು ಬಿಡಲಿಲ್ಲ. ಕೆಲವರನ್ನು ಬಿಟ್ಟರೆ ಉಳಿದವರನ್ನೆಲ್ಲ ಜುಲೈ 23ರಂದು ವಾಪಸ್ ಕಳಿಸಿದರು. 2016ರಲ್ಲಿ ಕೆನಡಾದ ಆಗಿನ ಪ್ರಧಾನಿ ಜಸ್ಟಿನ್ ಟ್ರೂಡೊ ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ನಾನು ಓದಿ ಹೇಳುತ್ತಾ ಹೋದೆ. ಅಪ್ಪ ನಡುವೆ ಮಾತಾಡಲಿಲ್ಲ. ಆಮೇಲೆ ಅಂಗಿಯ ಮೇಲೆ ಕೈಯಿಟ್ಟು, ಒಳಜೇಬಿನಲ್ಲಿ ಪಾಸ್‌ಪೋರ್ಟ್ ಇದೆಯಾ ಅಂತ ಮುಟ್ಟಿ ನೋಡಿಕೊಂಡರು.

ಮರುದಿನ ಹನ್ನೊಂದು ಗಂಟೆಗೆ ಆರಾಮಾಗಿ ಬಂದರಿಗೆ ನಡೆದೇ ಹೋದೆವು. ಸಂಜೆ ಹಡಗು ಹೊರಟಿತು. ಎಲ್ಲರೂ ಮುಂದಿನ ಲಯನ್ಸ್ ಗೇಟ್ ಸೇತುವೆಯ ಕಡೆ ಫೋಟೋ ತೆಗೆಯುತ್ತಿದ್ದರು. ಅಪ್ಪ ಎಡಗಡೆಯ ಕಟಾಂಜನ ಹಿಡಿದು ದಡವನ್ನೇ ನೋಡುತ್ತಿದ್ದರು. "ಆ ಪಾರ್ಕ್ ಎಲ್ಲಿ ಬಂತು, ತೋರಿಸು" ಅಂದರು. ತೋರಿಸಿದೆ. ಅದು ಕಣ್ಮರೆಯಾಗುವವರೆಗೆ ಅಲ್ಲೇ ನಿಂತಿದ್ದರು.